ಆಂಟಿವೈರಸ್ ಹೊರಗೆ ಏನನ್ನು ಕಳುಹಿಸುತ್ತಿದೆ? ತಿಳಿದುಕೊಂಡು ಹಿಡಿತದಲ್ಲಿಡುವ ಕ್ರಮ

ಕಂಪ್ಯೂಟರಿನಲ್ಲಿರುವ ಬೇರೆ ಯಾವ ತಂತ್ರಾಂಶಕ್ಕೂ ಕೊಡದಷ್ಟು ಅಧಿಕಾರವನ್ನು ನಾವು ಆಂಟಿವೈರಸ್‌ಗೆ ಕೊಟ್ಟಿರುತ್ತೇವೆ. ನಾವು ತೆರೆಯುವ ಪ್ರತಿಯೊಂದು ಫೈಲನ್ನೂ ಅದು ನಮಗಿಂತ ಮೊದಲೇ ಓದುತ್ತದೆ, ಬ್ರೌಸರಿನಲ್ಲಿ ನಾವು ಹೋಗುವ ಜಾಲತಾಣಗಳ ವಿಳಾಸಗಳನ್ನು ಪರಿಶೀಲಿಸುತ್ತದೆ, ಯಾವ ತಂತ್ರಾಂಶ ಯಾವಾಗ ಶುರುವಾಯಿತು ಎಂಬುದನ್ನು ಸದಾ ಗಮನಿಸುತ್ತಿರುತ್ತದೆ. ಈ ಅಧಿಕಾರವಿಲ್ಲದೆ ಅದು ತನ್ನ ಕೆಲಸ ಮಾಡಲಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಗೆ ಓದಿದ್ದರಲ್ಲಿ ಎಷ್ಟು ಭಾಗ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್ ತಲುಪುತ್ತದೆ, ಅಲ್ಲಿಂದ ಮುಂದೆ ಯಾರ ಕೈ ಸೇರುತ್ತದೆ ಎಂದು ವಿಚಾರಿಸುವವರು ವಿರಳ.

ವಿಚಾರಿಸಲೇಬೇಕಾದ ಕಾರಣವೊಂದು 2020ರ ಜನವರಿಯಲ್ಲಿ ಬೆಳಕಿಗೆ ಬಂತು. ಜೆಕ್ ಗಣರಾಜ್ಯದ ಅವಾಸ್ಟ್ ಕಂಪನಿಯು ತನ್ನ ಆಂಟಿವೈರಸ್ ಮತ್ತು ಬ್ರೌಸರಿಗೆ ಜೋಡಿಸುವ ಪುಟ್ಟ ಸೇರ್ಪಡೆಗಳಾದ ಎಕ್ಸ್‌ಟೆನ್ಷನ್‌ಗಳ ಮೂಲಕ ಸಂಗ್ರಹಿಸಿದ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿದೆ ಎಂದು ಮದರ್‌ಬೋರ್ಡ್ ಮತ್ತು ಪಿಸಿಮ್ಯಾಗ್ ಪತ್ರಿಕೆಗಳು ಜಂಟಿ ತನಿಖೆಯಲ್ಲಿ ಬಯಲು ಮಾಡಿದವು. ವರದಿ ಬಂದ ಕೆಲವೇ ದಿನಗಳಲ್ಲಿ ಅವಾಸ್ಟ್ ಜಂಪ್‌ಶಾಟ್ ಅನ್ನು ಮುಚ್ಚಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 1 ಕೋಟಿ 65 ಲಕ್ಷ ಡಾಲರ್ ಪಾವತಿಸುವಂತೆ ಮಾಡಿ, ಜಾಹೀರಾತಿಗಾಗಿ ಬ್ರೌಸಿಂಗ್ ಮಾಹಿತಿಯನ್ನು ಮಾರುವುದನ್ನು ನಿಷೇಧಿಸಿತು. ಮಾಹಿತಿ ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಹೋಗಿತ್ತು ಎಂಬುದು ಕಮಿಷನ್ನಿನ ಆರೋಪ. ಬಳಕೆದಾರರ ಹೆಸರನ್ನು ತೆಗೆದೇ ಮಾಹಿತಿ ಕೊಟ್ಟಿದ್ದೇವೆ ಎಂದು ಕಂಪನಿ ಹೇಳುತ್ತಿತ್ತು. ಆದರೆ ಪ್ರತಿ ಕ್ಲಿಕ್ಕಿನ ಜೊತೆಗೆ ಒಂದು ಗುರುತಿನ ಸಂಖ್ಯೆಯೂ ನಿಖರವಾದ ಸಮಯವೂ ಇದ್ದರೆ ಹೆಸರಿನ ಅಗತ್ಯವೇ ಬೀಳುವುದಿಲ್ಲ. ಆ ಕ್ಷಣದಲ್ಲಿ ತನ್ನ ತಾಣದಲ್ಲಿ ವಸ್ತು ಕೊಂಡವರು ಯಾರೆಂದು ಅಂಗಡಿಗೆ ಗೊತ್ತಿರುತ್ತದೆ. ಅಂಗಡಿಯ ದಾಖಲೆಯನ್ನು ಈ ಮಾಹಿತಿಯ ಪಕ್ಕದಲ್ಲಿಟ್ಟು ನೋಡಿದರೆ, ಅದೇ ಗುರುತಿನ ಸಂಖ್ಯೆಯ ವ್ಯಕ್ತಿ ಉಳಿದ ಸಮಯದಲ್ಲಿ ಎಲ್ಲೆಲ್ಲಿ ಓಡಾಡಿದ್ದಾರೆ ಎಂಬುದೂ ತೆರೆದುಕೊಳ್ಳುತ್ತದೆ.

ಇದನ್ನು ಓದಿ ಆಂಟಿವೈರಸ್‌ನ ಇಂಟರ್ನೆಟ್ ಸಂಪರ್ಕವನ್ನೇ ಪೂರ್ತಿ ಕಡಿದುಹಾಕಬೇಕು ಎನ್ನಿಸಬಹುದು. ಹಾಗೆ ಮಾಡಬೇಡಿ. ಅದರ ಸಂಪರ್ಕದಲ್ಲಿ ಬೇರೆ ಬೇರೆ ಬಗೆಗಳಿವೆ; ಕೆಲವನ್ನು ಉಳಿಸಿಕೊಳ್ಳಬೇಕು, ಕೆಲವನ್ನು ಯೋಚಿಸಿ ಒಪ್ಪಬೇಕು, ಕೆಲವನ್ನು ನಿಸ್ಸಂಕೋಚವಾಗಿ ನಿಲ್ಲಿಸಬೇಕು.

ಮೊದಲ ಹೆಜ್ಜೆ: ಯಾವುದು ಯಾವುದೆಂದು ಬೇರ್ಪಡಿಸಿಕೊಳ್ಳಿ

ಮೊದಲನೆಯದು ಅಪ್‌ಡೇಟ್. ಹೊಸ ವೈರಸ್‌ಗಳ ಗುರುತುಗಳಿರುವ ಪಟ್ಟಿಯನ್ನು ಆಂಟಿವೈರಸ್ ದಿನಕ್ಕೆ ಹಲವು ಬಾರಿ ಇಳಿಸಿಕೊಳ್ಳುತ್ತದೆ. ಇಲ್ಲಿ ಡೇಟಾ ಮುಖ್ಯವಾಗಿ ಒಳಗೆ ಬರುತ್ತದೆ. ಹೊರಗೆ ಹೋಗುವುದು ಆವೃತ್ತಿಯ ಸಂಖ್ಯೆ, ಲೈಸೆನ್ಸ್ ವಿವರ, ನಿಮ್ಮ ಐಪಿ ವಿಳಾಸ ಇಷ್ಟೇ. ಇದನ್ನು ಎಂದಿಗೂ ನಿಲ್ಲಿಸಬಾರದು.

ಎರಡನೆಯದು ವಿಚಾರಣೆ. ಅಪರಿಚಿತ ಫೈಲ್ ಕಂಡಾಗ ಆಂಟಿವೈರಸ್ ಅದರ ಹ್ಯಾಶ್, ಅಂದರೆ ಫೈಲಿನ ಒಳಗಿನ ಅಂಶದಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಸಂಖ್ಯೆಯನ್ನು ಸರ್ವರ್‌ಗೆ ಕಳುಹಿಸಿ ‘ಇದು ಗೊತ್ತೇ?’ ಎಂದು ಕೇಳುತ್ತದೆ. ಹ್ಯಾಶ್ ನೋಡಿ ಫೈಲಿನಲ್ಲಿ ಏನಿದೆ ಎಂದು ತಿಳಿಯಲಾಗದು. ಆದರೆ ಮೊದಲೇ ಗೊತ್ತಿರುವ ಫೈಲಾಗಿದ್ದರೆ ಅದು ನಿಮ್ಮ ಬಳಿ ಇದೆ ಎಂಬುದು ತಿಳಿಯುತ್ತದೆ. ಜಾಲತಾಣಗಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಪೂರ್ಣ ವಿಳಾಸವನ್ನೇ ಕಳುಹಿಸುವ ಆಂಟಿವೈರಸ್ ಆಗಿದ್ದರೆ, ವಿಳಾಸದೊಳಗೆ ಸೇರಿಕೊಂಡಿರುವ ಹುಡುಕಾಟದ ಪದಗಳು, ಪಾಸ್‌ವರ್ಡ್ ಬದಲಿಸುವ ಕೊಂಡಿಗಳು, ‘ಲಿಂಕ್ ಇರುವವರು ಯಾರಾದರೂ ನೋಡಬಹುದು’ ಎಂದು ಹಂಚಿಕೊಂಡ ದಾಖಲೆಗಳ ವಿಳಾಸಗಳು ಎಲ್ಲವೂ ಜೊತೆಯಲ್ಲಿ ಹೋಗುತ್ತವೆ. ಇದಕ್ಕಿಂತ ಸಭ್ಯವಾದ ವಿಧಾನವೂ ಇದೆ. ಗೂಗಲ್‌ನ ಸೇಫ್ ಬ್ರೌಸಿಂಗ್ ವ್ಯವಸ್ಥೆ ಅದರ ಸಾಮಾನ್ಯ ಮಟ್ಟದಲ್ಲಿ ವಿಳಾಸದ ಹ್ಯಾಶ್‌ನ ಮೊದಲ ಕೆಲವು ಬೈಟ್‌ಗಳನ್ನಷ್ಟೇ ಕಳುಹಿಸುತ್ತದೆ. ಅಷ್ಟರಿಂದ ನೀವು ಯಾವ ಪುಟಕ್ಕೆ ಹೋದಿರಿ ಎಂದು ಖಚಿತವಾಗಿ ಹೇಳಲಾಗದು. ಅದರ ‘ಎನ್ಹಾನ್ಸ್‌ಡ್’ ಮಟ್ಟ ಆರಿಸಿಕೊಂಡರೆ ಈ ಮರೆ ಇರುವುದಿಲ್ಲ.

ಮೂರನೆಯದು ಮಾದರಿ ಸಲ್ಲಿಕೆ. ಇಲ್ಲಿ ಬೆರಳಚ್ಚಿನ ಬದಲು ಫೈಲೇ ಹೊರಗೆ ಹೋಗುತ್ತದೆ. ನಾಲ್ಕನೆಯದು ಬಳಕೆಯ ಅಂಕಿಅಂಶ, ಜಾಹೀರಾತು ಮತ್ತು ‘ನಿಮಗಾಗಿ ವಿಶೇಷ ಕೊಡುಗೆ’ಗಳ ಸಂಚಾರ. ಇದಕ್ಕೂ ನಿಮ್ಮ ರಕ್ಷಣೆಗೂ ಯಾವ ಸಂಬಂಧವೂ ಇಲ್ಲ.

ಎರಡನೆಯ ಹೆಜ್ಜೆ: ಕಣ್ಣಾರೆ ನೋಡಿ

ಸೆಟ್ಟಿಂಗ್ಸ್ ಮುಟ್ಟುವ ಮೊದಲು ಈಗ ಏನು ನಡೆಯುತ್ತಿದೆ ಎಂದು ಗಮನಿಸಿ. ವಿಂಡೋಸ್‌ನಲ್ಲಿ ಸ್ಟಾರ್ಟ್ ಮೆನುವಿನಲ್ಲಿ ‘ರಿಸೋರ್ಸ್ ಮಾನಿಟರ್’ ಎಂದು ಹುಡುಕಿ ತೆರೆಯಿರಿ, ‘ನೆಟ್‌ವರ್ಕ್’ ಟ್ಯಾಬ್‌ಗೆ ಹೋಗಿ. ಮೇಲಿನ ಪಟ್ಟಿಯಲ್ಲಿ ಆ ಕ್ಷಣ ಇಂಟರ್ನೆಟ್ ಬಳಸುತ್ತಿರುವ ಪ್ರಕ್ರಿಯೆಗಳ ಹೆಸರೂ, ಪ್ರತಿಯೊಂದರ ಎದುರು ಸೆಕೆಂಡಿಗೆ ಸರಾಸರಿ ಎಷ್ಟು ಬೈಟ್ ಹೊರಗೆ ಹೋಗುತ್ತಿದೆ, ಎಷ್ಟು ಒಳಗೆ ಬರುತ್ತಿದೆ ಎಂಬುದೂ ಇರುತ್ತವೆ. ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಆಗಿದ್ದರೆ ಎಂಎಸ್ಎಂಪಿ (MsMp) ಅಕ್ಷರಗಳಿಂದ ಆರಂಭವಾಗುವ ಹೆಸರನ್ನು ಹುಡುಕಿ. ಬೇರೆ ಕಂಪನಿಯದಾದರೆ ಸಾಮಾನ್ಯವಾಗಿ ಕಂಪನಿಯ ಹೆಸರಿನ ಸಂಕ್ಷಿಪ್ತ ರೂಪವೇ ಇರುತ್ತದೆ. ಆ ಹೆಸರಿನ ಎದುರಿನ ಚೌಕಕ್ಕೆ ಗುರುತು ಹಾಕಿದರೆ, ಕೆಳಗಿನ ಪಟ್ಟಿಗಳಲ್ಲಿ ಅದು ಸಂಪರ್ಕಿಸಿರುವ ವಿಳಾಸಗಳು ಮಾತ್ರ ಉಳಿಯುತ್ತವೆ.

ಇಲ್ಲಿ ‘ಸೆಂಡ್’ ಕಾಲಂ ಮೇಲೆ ಕಣ್ಣಿಡಬೇಕು. ‘ರಿಸೀವ್’ ಏರಿ ‘ಸೆಂಡ್’ ಕೆಳಗೇ ಉಳಿದರೆ ಬಹುಮಟ್ಟಿಗೆ ಅದು ಅಪ್‌ಡೇಟ್. ಇನ್ನೂ ಯಾರೂ ಕಾಣದ ಹೊಸ ಪ್ರೋಗ್ರಾಂ ಒಂದನ್ನು ಇಳಿಸಿಕೊಂಡ ತಕ್ಷಣ ‘ಸೆಂಡ್’ ಒಮ್ಮೆಲೇ ಗಮನಾರ್ಹವಾಗಿ ಏರಿದರೆ, ಮಾದರಿ ಹೊರಗೆ ಹೋಗಿರುವ ಸಾಧ್ಯತೆ ಹೆಚ್ಚು. ಡಿಫೆಂಡರ್‌ನ ಅಪ್‌ಡೇಟ್‌ಗಳು ಸಾಮಾನ್ಯವಾಗಿ ವಿಂಡೋಸ್ ಅಪ್‌ಡೇಟ್ ಮೂಲಕ ಬರುವುದರಿಂದ, ಅವು ಡಿಫೆಂಡರ್ ಹೆಸರಿನಡಿ ಕಾಣದೇ ಇರಬಹುದು.

ಕಂಪ್ಯೂಟರಿನೊಳಗೇ ಕುಳಿತು ನೋಡುವುದಕ್ಕೆ ಒಂದು ಮಿತಿಯಿದೆ: ಆಂಟಿವೈರಸ್ ಆಪರೇಟಿಂಗ್ ಸಿಸ್ಟಂನ ತೀರ ಆಳದಲ್ಲಿ ಕೆಲಸ ಮಾಡುವುದರಿಂದ ಒಳಗಿನ ಸಾಧನಗಳಿಗೆ ಅದು ಪೂರ್ತಿ ಕಾಣಲೇಬೇಕೆಂದಿಲ್ಲ. ಆದ್ದರಿಂದ ಸಾಧ್ಯವಿರುವವರು ಹೊರಗಿನಿಂದಲೂ ನೋಡಬೇಕು. ರೂಟರ್‌ನ ದಾಖಲೆಯಲ್ಲಿ ಅಥವಾ ರಾಸ್ಪ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರಿನಲ್ಲಿ, ಬೇಡದ ತಾಣಗಳ ಸಂಪರ್ಕವನ್ನು ಇಡೀ ಮನೆಗೆ ತಡೆಯುವ ಪೈ-ಹೋಲ್ ತಂತ್ರಾಂಶವನ್ನು ಅಳವಡಿಸಿದರೆ ಅದರ ಪುಟದಲ್ಲಿ, ಮನೆಯ ಯಾವ ಸಾಧನ ಯಾವ ಡೊಮೇನ್ ಹೆಸರನ್ನು (ತಾಣದ ವಿಳಾಸದ ಮುಖ್ಯ ಭಾಗವನ್ನು) ಯಾವಾಗ ವಿಚಾರಿಸಿತು ಎಂಬುದು ಸಾಲಾಗಿ ಕಾಣುತ್ತದೆ. ಬ್ರೌಸರ್ ಮುಚ್ಚಿ, ಬೇರೆ ಕೆಲಸವೇನೂ ಇಲ್ಲದ ಒಂದು ಗಂಟೆ ಕಂಪ್ಯೂಟರನ್ನು ಸುಮ್ಮನೆ ಚಾಲೂ ಇಟ್ಟು ಆ ಪಟ್ಟಿಯನ್ನು ಓದಿ. ಅಪ್‌ಡೇಟ್ ಸರ್ವರ್‌ಗಳ ನಡುವೆ ಜಾಹೀರಾತು ಮಾಪನ ಕಂಪನಿಗಳ ಹೆಸರು ಕಂಡರೆ ಅದು ನಾಲ್ಕನೆಯ ಬಗೆಯ ಸಂಚಾರ. ನೆಟ್‌ವರ್ಕ್ ಸಂಚಾರವನ್ನು ದಾಖಲಿಸುವ ವೈರ್‌ಶಾರ್ಕ್ ತಂತ್ರಾಂಶ ಬಳಸಬಲ್ಲವರು ಸಂಪರ್ಕದ ಗಾತ್ರವನ್ನೂ ಅಳೆಯಬಹುದು. ಒಳಗಿನ ಅಂಶ ಎನ್‌ಕ್ರಿಪ್ಟ್ ಆಗಿರುವುದರಿಂದ, ಅಂದರೆ ಗೂಢಲಿಪಿಯಲ್ಲಿರುವುದರಿಂದ ಅದನ್ನು ಓದಲಾಗದು.

ಮೂರನೆಯ ಹೆಜ್ಜೆ: ಮಾದರಿ ಸಲ್ಲಿಕೆಯನ್ನು ಕೇಳಿ ಮಾಡುವಂತೆ ಬದಲಿಸಿ

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಸೆಟ್ಟಿಂಗ್ ಇದೇ. ಕ್ಯಾಸ್ಪರ್‌ಸ್ಕಿ ಕಂಪನಿ 2017ರಲ್ಲಿ ತಾನೇ ಪ್ರಕಟಿಸಿದ ತನಿಖೆಯ ವಿವರದ ಪ್ರಕಾರ, 2014ರಲ್ಲಿ ಅಮೆರಿಕದ ಒಬ್ಬ ಬಳಕೆದಾರರ ಕಂಪ್ಯೂಟರಿನಲ್ಲಿ ಶಂಕಾಸ್ಪದ ಪ್ರೋಗ್ರಾಂಗಳು ಪತ್ತೆಯಾದಾಗ, ಅವುಗಳನ್ನು ಒಳಗೊಂಡಿದ್ದ ಇಡೀ ಸಂಕುಚಿತ ಫೈಲನ್ನು ಆಂಟಿವೈರಸ್ ವಿಶ್ಲೇಷಣೆಗಾಗಿ ತನ್ನ ಸರ್ವರ್‌ಗೆ ಕಳುಹಿಸಿತ್ತು. ಅದರೊಳಗೆ ಅಮೆರಿಕದ ಗೂಢಚರ್ಯೆಯ ಪ್ರೋಗ್ರಾಂಗಳಿಗೆ ಸಂಬಂಧಿಸಿದ ಮೂಲಸಂಕೇತವೂ (ಸೋರ್ಸ್ ಕೋಡ್) ರಹಸ್ಯವೆಂದು ಗುರುತಿಸಿದ ದಾಖಲೆಗಳೂ ಇದ್ದವು. ವಿಷಯ ತಿಳಿದ ಮೇಲೆ ಅವನ್ನು ಅಳಿಸಿಹಾಕಲಾಯಿತು ಎಂದು ಕಂಪನಿ ಹೇಳಿತು. ಇದರ ರಾಜಕೀಯವನ್ನು ಬದಿಗಿಟ್ಟು ತಾಂತ್ರಿಕ ಅಂಶವನ್ನಷ್ಟೇ ಗಮನಿಸಿ. ಒಂದು ಸಂಕುಚಿತ ಫೈಲಿನೊಳಗೆ ಒಂದು ಶಂಕಾಸ್ಪದ ವಸ್ತುವಿದ್ದರೆ ಅದರ ಜೊತೆಗಿರುವುದೆಲ್ಲವೂ ಹೊರಗೆ ಹೋಗಬಹುದು. ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್, ಕಕ್ಷಿದಾರರ ಕಾಗದಪತ್ರ, ರೋಗಿಗಳ ವರದಿ ಇವನ್ನೆಲ್ಲ ಜಿಪ್ ಮಾಡಿ ಇಟ್ಟುಕೊಳ್ಳುವವರು ನಮ್ಮಲ್ಲಿ ಬಹಳಷ್ಟು ಮಂದಿ ಇದ್ದಾರೆ.

ಡಿಫೆಂಡರ್‌ನಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ತೆರೆದು, ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ ವಿಭಾಗದಲ್ಲಿ ‘ಮ್ಯಾನೇಜ್ ಸೆಟ್ಟಿಂಗ್ಸ್’ ಒತ್ತಿ. ಅಲ್ಲಿ ‘ಕ್ಲೌಡ್ ಡೆಲಿವರ್ಡ್ ಪ್ರೊಟೆಕ್ಷನ್’ ಮತ್ತು ‘ಆಟೋಮ್ಯಾಟಿಕ್ ಸ್ಯಾಂಪಲ್ ಸಬ್ಮಿಷನ್’ ಎಂಬ ಎರಡು ಪ್ರತ್ಯೇಕ ಗುಂಡಿಗಳಿವೆ. ಮೊದಲನೆಯದು ವಿಚಾರಣೆ, ಎರಡನೆಯದು ಮಾದರಿ ಸಲ್ಲಿಕೆ. ಎರಡನೆಯದು ಚಾಲೂ ಇದ್ದಾಗ ಡಿಫೆಂಡರ್ ತನಗೆ ಸುರಕ್ಷಿತವೆನಿಸಿದ ಬಗೆಯ ಮಾದರಿಗಳನ್ನು ತಾನಾಗಿ ಕಳುಹಿಸುತ್ತದೆ. ವೈಯಕ್ತಿಕ ಮಾಹಿತಿ ಇರಬಹುದಾದ ಫೈಲಾದರೆ ನಿಮ್ಮನ್ನು ಕೇಳುತ್ತದೆ. ವಿಂಡೋಸ್‌ನ ಪ್ರೊ ಆವೃತ್ತಿ ಇರುವವರು ಅದರಲ್ಲಿರುವ ಗ್ರೂಪ್ ಪಾಲಿಸಿ ಎಂಬ ಹೆಚ್ಚುವರಿ ಸೆಟ್ಟಿಂಗ್ಸ್ ಸಾಧನದಲ್ಲಿ ‘ಆಲ್ವೇಸ್ ಪ್ರಾಂಪ್ಟ್’ ಆರಿಸಿದರೆ ಪ್ರತಿ ಬಾರಿಯೂ ಕೇಳುವಂತಾಗುತ್ತದೆ. ಹೋಮ್ ಆವೃತ್ತಿಯ ಗುಂಡಿಯಲ್ಲಿ ಈ ನಡುವಿನ ಆಯ್ಕೆ ಇಲ್ಲ. ಇತರರ ಗೋಪ್ಯ ದಾಖಲೆಗಳನ್ನು ಇಟ್ಟುಕೊಂಡಿರುವವರು ಅದನ್ನು ಪೂರ್ತಿ ಆಫ್ ಮಾಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಆಫ್ ಮಾಡಿದ ಮೇಲೆ ವಿಂಡೋಸ್ ಎಚ್ಚರಿಕೆಯ ಚಿಹ್ನೆ ತೋರಿಸುತ್ತದೆ, ಅದರಿಂದ ಗಾಬರಿಯಾಗಬೇಕಿಲ್ಲ. ಮೊದಲ ಗುಂಡಿಯನ್ನು ಮಾತ್ರ ಮನೆಬಳಕೆಯಲ್ಲಿ ಚಾಲೂ ಇಡಿ. ಪಟ್ಟಿಗೆ ಇನ್ನೂ ಸೇರದ ಹೊಸ ವೈರಸ್‌ಗಳನ್ನು ಹಿಡಿಯುವುದು ಬಹುಪಾಲು ಈ ವಿಚಾರಣೆಯ ಬಲದಿಂದಲೇ.

ಬೇರೆ ಕಂಪನಿಗಳಲ್ಲಿ ಹೆಸರುಗಳು ಬೇರೆ. ಇಸೆಟ್‌ನಲ್ಲಿ ಇದಕ್ಕೆ ‘ಲೈವ್‌ಗ್ರಿಡ್’ ಎಂದು ಹೆಸರು. ಅಲ್ಲಿ ವಿಚಾರಣೆ ಮತ್ತು ಸಲ್ಲಿಕೆ ಬೇರೆ ಬೇರೆಯಾಗಿದ್ದು, ಯಾವ ಬಗೆಯ ಫೈಲುಗಳನ್ನು ಎಂದೂ ಕಳುಹಿಸಬಾರದು ಎಂಬ ಪಟ್ಟಿಯನ್ನು ನೀವೇ ಬೆಳೆಸಬಹುದು. ಎಲ್ಲ ಕಂಪನಿಗಳೂ ಅನುಸರಿಸಬೇಕಾದ ವಿನ್ಯಾಸವಿದು. ಕ್ಯಾಸ್ಪರ್‌ಸ್ಕಿಯಲ್ಲಿ ‘ಸೆಕ್ಯುರಿಟಿ ನೆಟ್‌ವರ್ಕ್’ ಎಂಬ ಪ್ರತ್ಯೇಕ ಒಪ್ಪಂದವಿರುತ್ತದೆ, ನಾರ್ಟನ್‌ನಲ್ಲಿ ‘ಕಮ್ಯುನಿಟಿ ವಾಚ್’, ಅವಾಸ್ಟ್ ಮತ್ತು ಎವಿಜಿಯಲ್ಲಿ ‘ಪರ್ಸನಲ್ ಪ್ರೈವಸಿ’ ಎಂಬ ಪುಟ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಮುಂತಾದವುಗಳಲ್ಲೂ ಸೆಟ್ಟಿಂಗ್ಸ್ ಒಳಗೆ ಅಂಕಿಅಂಶ, ವರದಿ, ಕ್ಲೌಡ್ ಎಂಬ ಪದಗಳಿರುವ ಸಾಲುಗಳನ್ನೆಲ್ಲ ಒಂದೊಂದಾಗಿ ತೆರೆದು ಓದಿ. ಕೊಡುಗೆ, ಮೂರನೆಯ ಸಂಸ್ಥೆಗಳೊಂದಿಗೆ ಹಂಚಿಕೆ, ಬಳಕೆಯ ವಿಶ್ಲೇಷಣೆ ಎಂಬ ಅರ್ಥ ಬರುವ ಗುಂಡಿಗಳನ್ನೆಲ್ಲ ಆಫ್ ಮಾಡಿ. ಅಂಗಡಿಯವರು ಹಾಕಿಕೊಟ್ಟ ಆಂಟಿವೈರಸ್ ಆಗಿದ್ದರೆ ಎಲ್ಲ ಒಪ್ಪಿಗೆಗಳನ್ನೂ ಅವರೇ ನಿಮ್ಮ ಪರವಾಗಿ ಒತ್ತಿರುತ್ತಾರೆ, ಆದ್ದರಿಂದ ಈ ಪರಿಶೀಲನೆ ಇನ್ನಷ್ಟು ಅಗತ್ಯ. ಕಚೇರಿ ಕೊಟ್ಟ ಕಂಪ್ಯೂಟರಿನಲ್ಲಿ ಮಾತ್ರ ಇದಾವುದನ್ನೂ ನೀವಾಗಿ ಬದಲಿಸದೆ ಅಲ್ಲಿನ ಐಟಿ ವಿಭಾಗವನ್ನು ಕೇಳಿ.

ಸಂಶಯದ ಫೈಲನ್ನು, ಹಲವು ಆಂಟಿವೈರಸ್‌ಗಳಿಂದ ಒಮ್ಮೆಗೇ ಪರೀಕ್ಷಿಸುವ ವೈರಸ್‌ಟೋಟಲ್ ತಾಣಕ್ಕೆ ಹಾಕಿ ನೋಡುವ ಅಭ್ಯಾಸವಿರುವವರು ಒಂದು ಮಾತು ನೆನಪಿಡಬೇಕು: ಅಲ್ಲಿ ಹಾಕಿದ ಫೈಲು ಅನೇಕ ಭದ್ರತಾ ಕಂಪನಿಗಳಿಗೆ ಮತ್ತು ಹಣ ಕೊಟ್ಟ ಚಂದಾದಾರರಿಗೆ ಲಭ್ಯವಾಗುತ್ತದೆ. ಫೈಲಿನ ಬದಲು ಅದರ ಹ್ಯಾಶ್ ಅನ್ನು ಹುಡುಕಾಟದ ಪೆಟ್ಟಿಗೆಯಲ್ಲಿ ಹಾಕಿದರೆ, ಬೇರೆ ಯಾರಾದರೂ ಅದನ್ನು ಮೊದಲೇ ಪರೀಕ್ಷಿಸಿದ್ದಲ್ಲಿ ಫಲಿತಾಂಶ ಹಾಗೆಯೇ ಸಿಗುತ್ತದೆ.

ನಾಲ್ಕನೆಯ ಹೆಜ್ಜೆ: ಬ್ರೌಸರಿನೊಳಗಿನ ಕೈಯನ್ನು ಹುಡುಕಿ

ಬ್ರೌಸರಿನಲ್ಲಿ ಯಾವುದಾದರೂ ಬ್ಯಾಂಕಿನ ತಾಣ ತೆರೆದು, ವಿಳಾಸದ ಪಕ್ಕದ ಚಿಹ್ನೆಯನ್ನು ಒತ್ತಿ, ತಾಣ ಅಸಲಿಯೆಂದು ದೃಢಪಡಿಸುವ ಸರ್ಟಿಫಿಕೇಟಿನ ವಿವರಕ್ಕೆ ಹೋಗಿ, ‘ಇಶ್ಯೂಡ್ ಬೈ’ ಎಂಬ ಸಾಲನ್ನು ಓದಿ. ಡಿಜಿಸರ್ಟ್ ಮುಂತಾದ ಸರ್ಟಿಫಿಕೇಟ್ ಸಂಸ್ಥೆಯ ಹೆಸರಿದ್ದರೆ ಸರಿ. ಅಲ್ಲಿ ನಿಮ್ಮ ಆಂಟಿವೈರಸ್‌ನ ಹೆಸರಿದ್ದರೆ, ಅದು ನಿಮ್ಮ ಮತ್ತು ಬ್ಯಾಂಕಿನ ನಡುವಿನ ಎನ್‌ಕ್ರಿಪ್ಟ್ ಆದ ಸಂಪರ್ಕವನ್ನು ನಡುವೆ ಬಿಚ್ಚಿ, ಓದಿ, ತನ್ನದೇ ಸರ್ಟಿಫಿಕೇಟಿನಿಂದ ಮತ್ತೆ ಮುಚ್ಚಿ ಬ್ರೌಸರಿಗೆ ಕೊಡುತ್ತಿದೆ ಎಂದರ್ಥ. ಮಿಷಿಗನ್ ವಿಶ್ವವಿದ್ಯಾಲಯ, ಗೂಗಲ್, ಮೊಜಿಲ್ಲಾ, ಕ್ಲೌಡ್‌ಫ್ಲೇರ್ ಮೊದಲಾದೆಡೆಯ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವು, ಹೀಗೆ ನಡುವೆ ಕೈಹಾಕುವ ಹೆಚ್ಚಿನ ಉತ್ಪನ್ನಗಳು ಸಂಪರ್ಕದ ಭದ್ರತೆಯನ್ನು ತಗ್ಗಿಸುತ್ತವೆ ಎಂದು ತೋರಿಸಿತು. ಸೆಟ್ಟಿಂಗ್ಸ್‌ನಲ್ಲಿ ‘ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್’ ಅಥವಾ ‘ಎನ್‌ಕ್ರಿಪ್ಟೆಡ್ ಕನೆಕ್ಷನ್ಸ್’ ಎಂಬಲ್ಲಿ ಇದನ್ನು ಆಫ್ ಮಾಡಬಹುದು. ನಾನು ಆಫ್ ಮಾಡುವಂತೆಯೇ ಹೇಳುತ್ತೇನೆ. ಇಳಿಸಿಕೊಂಡ ಫೈಲು ಡಿಸ್ಕಿಗೆ ಬಂದಾಗ ಆಂಟಿವೈರಸ್ ಅದನ್ನು ಹೇಗೂ ಪರೀಕ್ಷಿಸುತ್ತದೆ.

ಪುಟದೊಳಗೆ ಕೈಹಾಕುವುದರ ಇನ್ನೊಂದು ಪರಿಣಾಮವನ್ನು ಜರ್ಮನಿಯ ಸಿ’ಟಿ (c't) ಎಂಬ ಕಂಪ್ಯೂಟರ್ ಪತ್ರಿಕೆ 2019ರಲ್ಲಿ ಪತ್ತೆ ಮಾಡಿತು. ಕ್ಯಾಸ್ಪರ್‌ಸ್ಕಿ ಉತ್ಪನ್ನಗಳು ಬಳಕೆದಾರರು ತೆರೆದ ಪ್ರತಿ ಪುಟಕ್ಕೂ ಒಂದು ಸ್ಕ್ರಿಪ್ಟ್, ಅಂದರೆ ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂ, ಸೇರಿಸುತ್ತಿದ್ದವು. ಆ ಸ್ಕ್ರಿಪ್ಟಿನ ವಿಳಾಸದಲ್ಲಿ ಆ ಕಂಪ್ಯೂಟರಿಗೆ ಮಾತ್ರ ಸೇರಿದ ಗುರುತಿನ ಸಂಖ್ಯೆ ಇತ್ತು. ಹಾಗಾಗಿ ಯಾವ ಜಾಲತಾಣವಾದರೂ ಅದನ್ನು ಓದಿ, ಖಾಸಗಿ (ಇನ್‌ಕಾಗ್ನಿಟೊ) ಕಿಟಕಿಯಲ್ಲಿ ಬಂದವರನ್ನೂ ಗುರುತಿಸಬಹುದಾಗಿತ್ತು. ಕಂಪನಿ ಅದನ್ನು ಸರಿಪಡಿಸಿತು. ಬ್ರೌಸರಿನ ಎಕ್ಸ್‌ಟೆನ್ಷನ್ ಪಟ್ಟಿಯಲ್ಲಿ ಆಂಟಿವೈರಸ್ ತಾನಾಗಿ ಸೇರಿಸಿದ ‘ಆನ್‌ಲೈನ್ ಸೆಕ್ಯುರಿಟಿ’, ‘ಸೇಫ್ ಪ್ರೈಸ್’ ಬಗೆಯವನ್ನೆಲ್ಲ ತೆಗೆದುಹಾಕಿ. ಬ್ರೌಸರಿನದೇ ಎಚ್ಚರಿಕೆ ವ್ಯವಸ್ಥೆ ಆ ಕೆಲಸಕ್ಕೆ ಸಾಕು.

ಐದನೆಯ ಹೆಜ್ಜೆ: ಉಳಿದದ್ದನ್ನು ಹೊರಗಿನಿಂದ ತಡೆಯಿರಿ

ಸೆಟ್ಟಿಂಗ್ಸ್ ಬದಲಿಸಿದ ಮೇಲೂ ಬೇಡದ ಡೊಮೇನ್‌ಗಳು ಪಟ್ಟಿಯಲ್ಲಿ ಕಂಡರೆ, ಪೈ-ಹೋಲ್ ಅಥವಾ ರೂಟರ್‌ನಲ್ಲಿ ಅವುಗಳನ್ನು ಮಾತ್ರ ತಡೆಯಿರಿ. ಒಮ್ಮೆಗೆ ಒಂದನ್ನು ತಡೆದು, ಮರುದಿನ ಅಪ್‌ಡೇಟ್ ಬಂದಿದೆಯೇ ಎಂದು ನೋಡಿ ಮುಂದಿನದಕ್ಕೆ ಹೋಗಿ. ಒಂದೇ ಡೊಮೇನ್‌ನ ಅಡಿಯಲ್ಲಿ ಅಪ್‌ಡೇಟ್ ಮತ್ತು ಅಂಕಿಅಂಶ ಎರಡನ್ನೂ ನಡೆಸುವ ಕಂಪನಿಗಳಿವೆ. ಡೊಮೇನ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್ ತನ್ನದನ್ನೇ ಬಳಸುವ ಸೌಲಭ್ಯ ಆಂಟಿವೈರಸ್‌ನಲ್ಲಿದ್ದರೆ ಈ ತಡೆ ಕೆಲಸ ಮಾಡುವುದಿಲ್ಲ, ಆ ಸೌಲಭ್ಯವನ್ನು ಮೊದಲು ಆಫ್ ಮಾಡಬೇಕು.

ಅದೇ ಕಂಪ್ಯೂಟರಿನಲ್ಲಿ ಕುಳಿತು ಸಂಪರ್ಕಗಳನ್ನು ಬಿಡುವ, ತಡೆಯುವ ಫೈರ್‌ವಾಲ್ ಮೇಲೆ ಇದಕ್ಕಾಗಿ ಭರವಸೆ ಇಡಬೇಡಿ. ವಿಂಡೋಸ್ ಫೈರ್‌ವಾಲ್ ಹೊರಹೋಗುವ ಸಂಪರ್ಕವನ್ನು ಮೊದಲಿನಿಂದಲೇ ಬಿಟ್ಟುಕೊಡುತ್ತದೆ, ಆಂಟಿವೈರಸ್ ಜೊತೆಗೆ ಬರುವ ಫೈರ್‌ವಾಲ್ ತನ್ನ ಒಡೆಯನನ್ನು ತಡೆಯಲಾರದು. ಒಳಗಿನ ಫೈರ್‌ವಾಲ್ ಎಲ್ಲವನ್ನೂ ತಡೆಯಲಾರದು ಎಂಬುದಕ್ಕೆ ಒಂದು ಉದಾಹರಣೆ: 2020ರ ನವೆಂಬರ್‌ನಲ್ಲಿ ಬಂದ ಮ್ಯಾಕ್‌ಓಎಸ್ ಬಿಗ್ ಸರ್‌ನಲ್ಲಿ ಆಪಲ್‌ನ ಹಲವು ಸ್ವಂತ ಆ್ಯಪ್‌ಗಳು ಲಿಟಲ್ ಸ್ನಿಚ್, ಲುಲು ಮುಂತಾದ ಫೈರ್‌ವಾಲ್‌ಗಳನ್ನು ದಾಟಿ ಹೋಗುವಂತೆ ಒಂದು ವಿನಾಯಿತಿ ಪಟ್ಟಿಯನ್ನೇ ಇಡಲಾಗಿತ್ತು. ತೀವ್ರ ಆಕ್ಷೇಪ ಬಂದ ನಂತರ 11.2 ಆವೃತ್ತಿಯಲ್ಲಿ ಆಪಲ್ ಅದನ್ನು ತೆಗೆಯಿತು.

ಬದಲಾವಣೆಗಳೆಲ್ಲ ಮುಗಿದ ಮೇಲೆ ರಕ್ಷಣೆ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಲು ಐಕಾರ್ ಪರೀಕ್ಷಾ ಫೈಲನ್ನು ಅದರ ಅಧಿಕೃತ ತಾಣದಿಂದ ಇಳಿಸಿ. 68 ಬೈಟ್‌ಗಳ ಈ ಪಠ್ಯ ಸಂಪೂರ್ಣ ನಿರುಪದ್ರವಿ. ಆದರೂ ಆಂಟಿವೈರಸ್‌ಗಳು ಅದನ್ನು ವೈರಸ್ ಎಂದೇ ಪರಿಗಣಿಸುವಂತೆ ಒಪ್ಪಂದವಿದೆ. ನಿಮ್ಮದು ಅದನ್ನು ಕೂಡಲೇ ಹಿಡಿಯಬೇಕು. ದೊಡ್ಡ ಆವೃತ್ತಿ ಬದಲಾದಾಗಲೆಲ್ಲ ಸೆಟ್ಟಿಂಗ್ಸ್ ಪುಟವನ್ನು ಮತ್ತೊಮ್ಮೆ ನೋಡಿ, ಹೊಸ ಗುಂಡಿಗಳು ಚಾಲೂ ಸ್ಥಿತಿಯಲ್ಲೇ ಬರುವುದುಂಟು.

ಫೋನಿನ ಮಾತು ಚಿಕ್ಕದು. ಆಂಡ್ರಾಯ್ಡ್‌ನಲ್ಲಿ ಪ್ಲೇ ಪ್ರೊಟೆಕ್ಟ್ ಮೊದಲೇ ಇದೆ; ಅದರ ಸೆಟ್ಟಿಂಗ್ಸ್‌ನಲ್ಲಿ ಅಪರಿಚಿತ ಆ್ಯಪ್‌ಗಳನ್ನು ಗೂಗಲ್‌ಗೆ ಕಳುಹಿಸುವ ಗುಂಡಿ ಪ್ರತ್ಯೇಕವಾಗಿದೆ. ಅದರ ಮೇಲೆ ಇನ್ನೊಂದು ಆಂಟಿವೈರಸ್ ಹಾಕಿ ಅದಕ್ಕೆ ‘ಆ್ಯಕ್ಸೆಸಿಬಿಲಿಟಿ’ ಮತ್ತು ವಿಪಿಎನ್ ಅನುಮತಿ ಕೊಡುವುದೆಂದರೆ ಪರದೆಯನ್ನೂ ಇಡೀ ಸಂಚಾರವನ್ನೂ ಅದರ ಕೈಗೊಪ್ಪಿಸಿದಂತೆ. ಹೆಚ್ಚಿನವರಿಗೆ ಅದರ ಅಗತ್ಯವಿಲ್ಲ.

ಕಾನೂನಿನ ಬಲ

ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಯಿತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚನೆಯಾದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಸಮ್ಮತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಬಳಕೆದಾರರಿಗೆ ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಆ ಪಟ್ಟಿಯಲ್ಲಿ ಕನ್ನಡವಿದೆ. ಕೊಟ್ಟ ಸಮ್ಮತಿಯನ್ನು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವ ಹಕ್ಕೂ, ತಮ್ಮ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕೂ ಅದರಲ್ಲಿವೆ. ಕಂಪನಿಯ ಗೌಪ್ಯತಾ ನೀತಿಯ ಪುಟದಲ್ಲಿರುವ ಸಂಪರ್ಕ ವಿಳಾಸಕ್ಕೆ ಈಗಿನಿಂದಲೇ ಬರೆದು ಕೇಳಿ: ನನ್ನ ಕಂಪ್ಯೂಟರಿನಿಂದ ಏನೇನು ಸಂಗ್ರಹಿಸಿದ್ದೀರಿ, ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ, ಯಾರಿಗೆ ಕೊಟ್ಟಿದ್ದೀರಿ, ಸೂಚನೆಯ ಕನ್ನಡ ರೂಪ ಎಲ್ಲಿದೆ.

ಬದಲಿಸಲು ನಿರ್ಧರಿಸಿದರೆ

ಕೇಳಿದ್ದಕ್ಕೆ ಉತ್ತರ ಸಿಗದ, ಆಫ್ ಮಾಡಿದ ಗುಂಡಿ ಮತ್ತೆ ತಾನಾಗಿ ಚಾಲೂ ಆಗುವ ಆಂಟಿವೈರಸ್ ಅನ್ನು ಇಟ್ಟುಕೊಳ್ಳಬೇಡಿ. ವಿಂಡೋಸ್‌ನ ಸಾಮಾನ್ಯ ಅನ್‌ಇನ್‌ಸ್ಟಾಲ್ ನಂತರ ಕಂಪನಿಯೇ ಕೊಡುವ ತೆಗೆಯುವ ಸಾಧನವನ್ನೂ ಓಡಿಸಿ, ಕಂಪ್ಯೂಟರನ್ನು ಮರುಚಾಲನೆ ಮಾಡಿದರೆ ಡಿಫೆಂಡರ್ ತಾನಾಗಿ ಎದ್ದು ನಿಲ್ಲುತ್ತದೆ. ಬಳಿಕ ಸ್ಟಾರ್ಟ್ ಮೆನುವಿನಲ್ಲಿ ‘ಮ್ಯಾನೇಜ್ ಕಂಪ್ಯೂಟರ್ ಸರ್ಟಿಫಿಕೇಟ್ಸ್’ ಹುಡುಕಿ ತೆರೆದು, ‘ಟ್ರಸ್ಟೆಡ್ ರೂಟ್ ಸರ್ಟಿಫಿಕೇಶನ್ ಅಥಾರಿಟೀಸ್’ ಒಳಗಿನ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ. ತೆಗೆದುಹಾಕಿದ ಆಂಟಿವೈರಸ್‌ನ ಹೆಸರು ಅಲ್ಲಿ ಇನ್ನೂ ಉಳಿದಿದ್ದರೆ ಆ ಒಂದು ಸಾಲನ್ನು ಮಾತ್ರ ಆರಿಸಿ ಅಳಿಸಿ. ಉಳಿದ ಹೆಸರುಗಳನ್ನು ಮುಟ್ಟಬೇಡಿ.